ಮರಳಿನ ಮೇಲೆ ಎರಡು ತಳ ಕಾಣುವುದು ಯಾಕೆ?

ಬಾಗಲಕೋಟೆ ಹಿನ್ನೀರಿನಲ್ಲಿ ನಿಮ್ಮ ಮೀನು ಹುಡುಕುವ ಸೋನಾರ್ 3 ಮೀಟರಿಗೆ ಒಂದು ತಳ, 6 ಮೀಟರಿಗೆ ಇನ್ನೊಂದು ತಳ ತೋರಿಸ್ತಿದೆ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ದೋಣಿ ಕೆಳಗೆ ಗಟ್ಟಿ ಮರಳಿದೆ, ಅಷ್ಟೇ. ಸೋನಾರ್ ಕೆಳಗೆ ಶಬ್ದ ಬಿಟ್ಟು, ಅದು ವಾಪಸ್ ಬರಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ನೆನೆದ ಮರಳಿನಲ್ಲಿ ಸುಮಾರು 1700. ಮರಳು ನೀರಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಭಾರ ಬೇರೆ. ಹಾಗಾಗಿ ಶಬ್ದದ ಒಂದು ಪಾಲು ಜೋರಾಗಿ ವಾಪಸ್ ಚಿಮ್ಮುತ್ತದೆ. ಅದು ಮೇಲೆ ಬಂದು ನೀರಿನ ಮೈಗೆ ಬಡಿದು, ಮತ್ತೆ ಕೆಳಗಿಳಿದು, ಮರಳಿಗೆ ತಾಗಿ ಬಂದರೆ ಅದೇ ನಿಮ್ಮ ಎರಡನೇ ಗೆರೆ. ಅದಕ್ಕೇ ಎರಡರಷ್ಟು ಆಳ.

ದೋಣಿಯನ್ನು ಎರೆಮಣ್ಣಿನ ಹೂಳಿರುವ ಕಡೆ ಒಯ್ದು ನೋಡಿ. ಮೆತ್ತಗಿನ ಕೆಸರಲ್ಲಿ ಶಬ್ದ ಸುಮಾರು ನೀರಿನ ವೇಗದಲ್ಲೇ ಒಳಗೆ ಇಳಿದುಬಿಡುತ್ತದೆ, ಆ ಗೆರೆ ಮಾಸುತ್ತದೆ. ಗೇನ್, ಅಂದರೆ ವಾಪಸ್ ಬಂದ ಶಬ್ದವನ್ನು ಸೋನಾರ್ ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನೋ ಸೆಟ್ಟಿಂಗ್, ಇಳಿಸಿದರೂ ಮಾಸುತ್ತದೆ. ಆದರೆ ನಾನಂತೂ ಇಳಿಸಲ್ಲ. ಬಲೆ ಬಿಡುವ ಮೊದಲು ಕೆಳಗೆ ಮರಳೋ ಕೆಸರೋ ಅಂತ ಹೇಳೋದು ಅದೇ ಗೆರೆ ಅಲ್ವಾ.