ಹೊಸ ಪಿನ್‌ಬಾಲ್ ಮಶೀನ್ ತೊಗೊಳ್ಳಲಾ, ವರ್ಚುವಲ್ ಸಾಕಾ?

ಶಿಕಾಗೋ ಹತ್ತಿರ ಮನೆ ಮಾಡಿದ್ದೀರಿ, ಬೇಸ್‌ಮೆಂಟ್ ಖಾಲಿ ಇದೆ, ಇಳಿಜಾರು ಟೇಬಲಿನ ಮೇಲೆ ಉಕ್ಕಿನ ಚೆಂಡು ಹೊಡೆದು ಆಡುವ ಸ್ಟರ್ನ್ ಕಂಪನಿಯ ಹೊಸ ಪಿನ್‌ಬಾಲ್ ಮಶೀನಿಗೆ ಸುಮಾರು 7,000 ಡಾಲರ್ ಹಾಕಬೇಕಾ, ಇಲ್ಲಾ ಟೀವಿ ಪರದೆಯ ಮೇಲೆ ನೂರಾರು ಟೇಬಲ್ ಆಡಿಸುವ ವರ್ಚುವಲ್ ಕ್ಯಾಬಿನೆಟ್ ಕಟ್ಟಬೇಕಾ ಅಂತ ಕೇಳಿದ್ದೀರಿ. ಈಗಲೇ ಎರಡೂ ಬೇಡ ಅಂತೀನಿ. ಮೊದಲು ನಿಮ್ಮ ಕಂಪ್ಯೂಟರಿನಲ್ಲೇ ಆಡಿ. ಆಮೇಲೆ ಹಳೆಯದೇ ಆದರೂ ಒಂದು ನಿಜವಾದ ಮಶೀನ್ ತೊಗೊಳ್ಳಿ.

ನಾನು ಪಿನ್‌ಬಾಲ್ ಕಲಿತಿದ್ದು ದಾವಣಗೆರೆಯ ಸೈಬರ್ ಕೆಫೆಯಲ್ಲಿ, ವಿಂಡೋಸ್ ಜೊತೆ ಬರುತ್ತಿದ್ದ ಸ್ಪೇಸ್ ಕೆಡೆಟ್ ಅನ್ನುವ ಆಟದಲ್ಲಿ. ಝಡ್ ಒತ್ತಿದರೆ ಎಡಗಡೆ ಫ್ಲಿಪ್ಪರ್, ಅಂದರೆ ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ತೋಳು, ಏಳುತ್ತಿತ್ತು, ಎಕ್ಸ್ ಒತ್ತಿದರೆ ಟೇಬಲ್ ಅಲ್ಲಾಡುತ್ತಿತ್ತು. ಅದಕ್ಕೂ ಮುಂಚೆ ಮನೆಯಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಬಿಡುವ ಬ್ಯಾಗಟೆಲ್ ಇತ್ತು, ನಿಮ್ಮ ಮನೆಯಲ್ಲೂ ಇದ್ದಿರಬಹುದು. ಪಿನ್‌ಬಾಲ್ ಹುಟ್ಟಿದ್ದು ಆ ಬ್ಯಾಗಟೆಲ್‌ನಿಂದಲೇ. ಚೆಂಡನ್ನು ಆಟಕ್ಕೆ ಚಿಮ್ಮಿಸುವ, ಸ್ಪ್ರಿಂಗ್ ಇರುವ ಪ್ಲಂಜರಿಗೆ ಸಿನ್ಸಿನಾಟಿಯ ಮಾಂಟೆಗ್ಯೂ ರೆಡ್‌ಗ್ರೇವ್ 1871ರಲ್ಲಿ ಪೇಟೆಂಟ್ ಪಡೆದರು, ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಮಶೀನಿನಲ್ಲಿ. ಅಲ್ಲಿಯವರೆಗೆ ಆಟಗಾರನ ಕೈಯಲ್ಲಿದ್ದದ್ದು ಪ್ಲಂಜರ್ ಎಳೆಯುವುದು ಮತ್ತು ಮಶೀನನ್ನು ಹಿತವಾಗಿ ತಳ್ಳುವುದು, ಅಷ್ಟೇ.

ಈ ತಳ್ಳುವುದೇ ನನ್ನ ಪ್ರಕಾರ ಇಡೀ ಆಟದ ಜೀವ. ಚೆಂಡು ಸುಮಾರು 80 ಗ್ರಾಂ ತೂಕದ ಉಕ್ಕು, ಟೇಬಲ್ ಆರೂವರೆ ಡಿಗ್ರಿ ಇಳಿಜಾರು, ಮಶೀನಿನ ತೂಕ ನೂರು ಕಿಲೋ ದಾಟುತ್ತದೆ. ಚೆಂಡು ಎಡಗಡೆಯ ಔಟ್‌ಲೇನ್, ಅಂದರೆ ಚೆಂಡು ಕೈತಪ್ಪಿ ಹೋಗುವ ಪಕ್ಕದ ಓಣಿಯ, ಬಾಯಿಗೆ ಬಂದು ರಬ್ಬರಿಗೆ ತಾಗುವ ಕ್ಷಣದಲ್ಲೇ ಅಂಗೈಯಿಂದ ಚೂರು ನೂಕಿದರೆ ಅದು ಒಳಕ್ಕೆ ಬರುತ್ತದೆ. ಜಾಸ್ತಿ ನೂಕಿದರೆ ಒಳಗೆ ತೂಗುಬಿಟ್ಟ ಲೋಹದ ಗುಂಡು ಅದರ ಸುತ್ತಲಿನ ಬಳೆಗೆ ತಾಗಿ ಟಿಲ್ಟ್ ಆಗುತ್ತದೆ, ಆ ಚೆಂಡು ಹೋದಂತೆಯೇ. ಎಷ್ಟು ನೂಕಬೇಕು ಅನ್ನುವುದನ್ನು ಕಣ್ಣು ಕಲಿಯುವುದಿಲ್ಲ, ಮೊಣಕೈ ಕಲಿಯುತ್ತದೆ. ವರ್ಚುವಲ್ ಕ್ಯಾಬಿನೆಟ್ ಕಟ್ಟುವವರು ಇದಕ್ಕಾಗಿ ಅಲುಗಾಟ ಅಳೆಯುವ ಎಕ್ಸಲರೋಮೀಟರ್ ಬೋರ್ಡ್ ಹಾಕುತ್ತಾರೆ, ಫ್ಲಿಪ್ಪರ್ ಒತ್ತಿದಾಗ ಟಕ್ ಅನ್ನಲು ಕರೆಂಟ್ ಹರಿದಾಗ ಬಡಿಯುವ ಸೊಲೆನಾಯ್ಡ್ ಕೂಡಿಸುತ್ತಾರೆ, ಅವರ ಶ್ರಮಕ್ಕೆ ನನಗೆ ನಿಜಕ್ಕೂ ಗೌರವ ಇದೆ. ಆದರೆ ಅಲ್ಲಿ ತಳ್ಳಿದ್ದನ್ನು ಅಳೆದು ಚಿತ್ರದ ಚೆಂಡನ್ನು ಸರಿಸುತ್ತಾರೆ, ಚೆಂಡಿನ ಭಾರ ಕೈಗೆ ವಾಪಸ್ ಬರುವುದಿಲ್ಲ. ಟೀವಿ ಸ್ವಲ್ಪ ತಡ ಮಾಡಿದರಂತೂ ಫ್ಲಿಪ್ಪರ್ ಹೊಡೆತವೂ ತಪ್ಪುತ್ತದೆ.

ಹಾಗಾದರೆ ಮೊದಲು ಕಂಪ್ಯೂಟರ್ ಯಾಕೆ? ರೂಲ್ಸ್ ಕಲಿಯಲು. ರ‍್ಯಾಂಡಿ ಡೇವಿಸ್ 2000ದಲ್ಲಿ ಶುರುಮಾಡಿದ ವಿಶುವಲ್ ಪಿನ್‌ಬಾಲ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಮ್ ಈಗಲೂ ಉಚಿತ, ಅದರ ಜೊತೆ ಪಿನ್‌ಮೇಮ್ ಅನ್ನುವ ಇನ್ನೊಂದು ಪ್ರೋಗ್ರಾಮ್ ಸೇರಿದರೆ ಹಳೆಯ ಮಶೀನಿನ ಚಿಪ್‌ನಲ್ಲಿದ್ದ ಮೂಲ ಪ್ರೋಗ್ರಾಮೇ ಓಡುತ್ತದೆ, ಹಾಗಾಗಿ ನಿಯಮ, ಅಂಕ, ಮಾತು ಎಲ್ಲವೂ ಹಾಗೇ ಸಿಗುತ್ತವೆ. 1992ರ ಆ್ಯಡಮ್ಸ್ ಫ್ಯಾಮಿಲಿ ಆಡಿ ನೋಡಿ. ಪ್ಯಾಟ್ ಲಾಲರ್ ಮತ್ತು ಲ್ಯಾರಿ ಡೆಮಾರ್ ಮಾಡಿದ ಆ ಮಶೀನ್ 20,270 ತಯಾರಾಗಿದ್ದವು. ಬಂಗಲೆಯ ಕೋಣೆಗಳನ್ನು ಒಂದೊಂದೇ ಗೆಲ್ಲುತ್ತಾ ಹೋಗುವ ಲೆಕ್ಕ ಮನೆಯಲ್ಲೇ ತಿಳಿದುಬಿಡುತ್ತದೆ. ಆಮೇಲೆ ನಿಜವಾದದ್ದರ ಮುಂದೆ ನಿಂತಾಗ ಟೇಬಲ್ ಕೆಳಗಿನ ಮ್ಯಾಗ್ನೆಟ್‌ಗಳು ಚೆಂಡನ್ನು ಸರಕ್ಕನೆ ಎಳೆಯುವುದನ್ನು ನೋಡಿ, ಆಗ ನಾನು ಹೇಳಿದ್ದು ಅರ್ಥವಾಗುತ್ತದೆ.

ಇನ್ನು ಹೊಸ ಮಶೀನುಗಳು. ಸ್ಟರ್ನ್‌ನ 2021ರ ಗಾಡ್ಜಿಲ್ಲಾ ನನಗೆ ಬಹಳ ಇಷ್ಟ, ಚೆಂಡು ಹೊಡೆಯುತ್ತಾ ಹೋದರೆ ಕಟ್ಟಡದ ಮಹಡಿಗಳು ಕುಸಿಯುತ್ತವೆ. ಅದನ್ನು ಮಾಡಿದ ಕೀತ್ ಎಲ್ವಿನ್ ಸ್ವತಃ ದೊಡ್ಡ ಟೂರ್ನಮೆಂಟ್ ಆಟಗಾರ, ಅದಕ್ಕೇ ಏನೋ ಒಂದು ಹೊಡೆತ ಮುಗಿಯುವಷ್ಟರಲ್ಲಿ ಚೆಂಡು ಮುಂದಿನದಕ್ಕೆ ಸರಿಯಾದ ಕಡೆ ಬಂದು ನಿಂತಿರುತ್ತದೆ. ಆದರೆ ಈಗಿನ ಹೊಸ ಮಶೀನು ಬಿಡುಗಡೆ ಆದಾಗ ಅದರ ಕೋಡ್ ಪೂರ್ತಿ ಆಗಿರುವುದಿಲ್ಲ, ಎಷ್ಟೋ ತಿಂಗಳು ಅಪ್‌ಡೇಟ್ ಬರುತ್ತಲೇ ಇರುತ್ತದೆ. ಬಂದ ದಿನವೇ ಮುಗಿಬೀಳಬೇಡಿ. ಒಂದು ವರ್ಷ ಬಿಟ್ಟು, ನಾಲ್ಕಾರು ಸಲ ಬೇರೆಡೆ ಆಡಿ, ಆಮೇಲೂ ಅದೇ ಬೇಕು ಅನ್ನಿಸಿದರೆ ತೊಗೊಳ್ಳಿ.

ನನ್ನದು ಒಬ್ಬರ ಮನೆಯಿಂದ ತಂದ ಹಳೆಯದು. ಮೊದಲ ವಾರವೇ ಬಲಗಡೆ ಫ್ಲಿಪ್ಪರ್ ಸೋತುಹೋಯಿತು, ಚೆಂಡು ಏರುದಾರಿಯಾದ ರ‍್ಯಾಂಪ್ ಅರ್ಧಕ್ಕೆ ಹೋಗಿ ವಾಪಸ್ ಬರುತ್ತಿತ್ತು. ಟೇಬಲ್ ಎತ್ತಿ ನೋಡಿದರೆ ಫ್ಲಿಪ್ಪರ್ ಎತ್ತುವ ತಂತಿ ಸುರುಳಿಯ (ಕಾಯಿಲ್) ಒಳಗಿನ ಪ್ಲಾಸ್ಟಿಕ್ ಕೊಳವೆ ಸವೆದು ಹೋಗಿತ್ತು. ಅಗ್ಗದ ಸಾಮಾನು, ಒಂದು ಸಂಜೆಯ ಕೆಲಸ. ಮಗಳು ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು, ರಿಪೇರಿ ಆದ ಮೇಲೆ ಮೊದಲ ಚೆಂಡು ಅವಳೇ ಬಿಟ್ಟಳು, ರ‍್ಯಾಂಪ್ ಪೂರ್ತಿ ಹತ್ತಿತು. ಆ ಸಂಜೆ ನನಗೆ ಈಗಲೂ ನೆನಪಿದೆ. ರಬ್ಬರ್ ಬದಲಿಸುವುದು, ಟೇಬಲ್ ಒರೆಸಿ ವ್ಯಾಕ್ಸ್ ಹಚ್ಚುವುದು, ಇಂಥದ್ದು ನಿಮಗೆ ಬೇಜಾರು ಅನ್ನಿಸಿದರೆ ಮಾತ್ರ ವರ್ಚುವಲ್ ಕ್ಯಾಬಿನೆಟ್ಟೇ ಸರಿ. ಅಪಾರ್ಟ್‌ಮೆಂಟಿನಲ್ಲಿ ಇದ್ದು ರಾತ್ರಿ ಸದ್ದು ಮಾಡುವ ಹಾಗಿಲ್ಲ ಅನ್ನುವವರಿಗೂ ಅದೇ ಹೇಳುತ್ತೇನೆ.

ನೀವಿರುವ ಊರು ಪಿನ್‌ಬಾಲ್‌ಗೆ ತವರುಮನೆ ಇದ್ದ ಹಾಗೆ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಎಲ್ಲಾ ಅಲ್ಲಿನವರೇ, ಸ್ಟರ್ನ್ ಈಗಲೂ ಅಲ್ಲೇ ಪಕ್ಕದಲ್ಲಿ ಇದೆ. ಬ್ರೂಕ್‌ಫೀಲ್ಡ್‌ನಲ್ಲಿರುವ ಗ್ಯಾಲಪಿಂಗ್ ಘೋಸ್ಟ್ ಅನ್ನುವ ಆಟದ ಆರ್ಕೇಡ್‌ಗೆ ಒಂದು ಶನಿವಾರ ಹೋಗಿ. ಬಾಗಿಲಲ್ಲಿ ಒಂದು ಸಲ ದುಡ್ಡು ಕೊಟ್ಟರೆ ದಿನವಿಡೀ ಆಡಬಹುದು, ನಾಣ್ಯ ಹಾಕುವ ಗೋಜಿಲ್ಲ. ಹಳೆಯದು ಹೊಸದು ಎರಡನ್ನೂ ಆಡಿ. ಮನೆಗೆ ಬಂದ ಮೇಲೆ ಯಾವುದು ತಲೆಯಲ್ಲಿ ಸುತ್ತುತ್ತಿದೆಯೋ ಅದನ್ನೇ ಹುಡುಕಿ. ಹಾಂ, ದುಡ್ಡು ಕೊಡುವ ಮುಂಚೆ ಬೇಸ್‌ಮೆಂಟ್ ಮೆಟ್ಟಿಲಿನ ತಿರುವು ಅಳೆದುಕೊಳ್ಳಿ. ಕಾಲು ಬಿಚ್ಚಿ, ತಲೆಭಾಗ ಮಡಚಿದ ಮೇಲೂ ಅದನ್ನು ಇಳಿಸಲು ಗಟ್ಟಿ ಆಳು ಇಬ್ಬರಾದರೂ ಬೇಕು.