ಮಗಳು ಲಿಯೋನ್‌ಗೆ ಹೊರಡುವ ಮುನ್ನ

ಪತ್ರ: ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯ್ಗೆ ಮನೆ, ನಾಲ್ಕು ಮಗ್ಗಗಳಿವೆ. ಮಗಳಿಗೆ ಫ್ರಾನ್ಸಿನ ಲಿಯೋನ್ ನಗರದ ವಿಶ್ವವಿದ್ಯಾಲಯದಲ್ಲಿ ಮೆಟೀರಿಯಲ್ಸ್ ಸೈನ್ಸ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಸೆಪ್ಟೆಂಬರಿನಲ್ಲಿ ತರಗತಿ ಶುರು. ಪಾಠ ಇಂಗ್ಲಿಷಿನಲ್ಲೇ, ಫ್ರೆಂಚ್ ಕಲಿಯಬೇಕಿಲ್ಲ ಅನ್ನುತ್ತಾಳೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಮನೆ ಮಾಲೀಕರೊಬ್ಬರು ಎರಡು ತಿಂಗಳ ಬಾಡಿಗೆ ಮುಂಗಡ ಕಳಿಸಿದರೆ ರೂಮು ಹಿಡಿದಿಡುತ್ತೇನೆ ಅಂದಿದ್ದಾರೆ. ನಾವು ಮಾಂಸ ಮುಟ್ಟದವರು. ಅವಳು ಪರೀಕ್ಷೆಗೆ ಓದಿಕೊಳ್ಳಲಿ ಎಂದು ಕಾಗದಪತ್ರದ ಕೆಲಸವನ್ನೆಲ್ಲ ನಾನೇ ಓಡಾಡಿ ಮಾಡುತ್ತಿದ್ದೇನೆ. ಏನೇನು ಸಿದ್ಧತೆ ಬೇಕು, ತಿಳಿಸಿ. ಅವಳ ಅಮ್ಮನದು ಒಂದೇ ಪ್ರಶ್ನೆ: ವಾಪಸ್ ಬರುತ್ತಾಳಾ?
(ಹೆಸರು ಬೇಡವೆಂದು ಕೇಳಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ ಎರಡು ತಿಂಗಳ ಬಾಡಿಗೆಯನ್ನು ಕಳಿಸಬೇಡಿ. ಫೋಟೋ ಚೆನ್ನಾಗಿರುತ್ತದೆ, ಬಾಡಿಗೆ ಊರಿನವರಿಗಿಂತ ಸ್ವಲ್ಪ ಕಡಿಮೆ ಹೇಳುತ್ತಾರೆ, ಮಾಲೀಕ ಮಾತ್ರ ಸದ್ಯಕ್ಕೆ ಊರಿನಲ್ಲಿಲ್ಲ, ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ. ಹೊರಗಿನಿಂದ ಬರುವ ಮಕ್ಕಳ ಅಪ್ಪಅಮ್ಮಂದಿರಿಗೆ ಮೋಸ ಆಗುವುದೇ ಈ ದಾರಿಯಲ್ಲಿ. ಮನೆ ಕಣ್ಣಿಂದ ನೋಡದೆ, ಕರಾರು ಓದದೆ, ಯಾರದೋ ಖಾತೆಗೆ ಒಂದು ಯೂರೋ ಸಹ ಹೋಗಬಾರದು.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. 2004ರ ಸೆಪ್ಟೆಂಬರಿನಿಂದ ಹತ್ತು ತಿಂಗಳು ನಾನೂ ಲಿಯೋನ್‌ನಲ್ಲಿ ವಿದ್ಯಾರ್ಥಿನಿಯಾಗಿದ್ದೆ. ಈಗ ನಿಮ್ಮ ಮಗಳು ಹೋಗುತ್ತಿರುವುದು ಬಹುಶಃ ಲಾ ದುವಾ ಕ್ಯಾಂಪಸ್ಸಿಗೆ. ಅದು ಲಿಯೋನ್‌ಗೆ ಅಂಟಿಕೊಂಡಿರುವ ವಿಲ್ಲೂರ್ಬಾನ್ ಎಂಬ ಊರಿನಲ್ಲಿದೆ, ಒಂದನೇ ನಂಬರಿನ ಟ್ರಾಮು ಕ್ಯಾಂಪಸ್ಸಿನೊಳಗೇ ಹೋಗುತ್ತದೆ. ನನ್ನ ರೂಮೂ ಅದೇ ಊರಿನಲ್ಲಿತ್ತು. ಮನೆ ಹಿಡಿಯುವಾಗ ಅಲ್ಲಿ ‘ಎತಾ ದೆ ಲ್ಯೂ’ ಎಂಬ ಒಂದು ಕ್ರಮ ಇದೆ. ಮಾಲೀಕರೂ ಬಾಡಿಗೆದಾರರೂ ಒಟ್ಟಿಗೆ ಕೋಣೆ ಕೋಣೆ ತಿರುಗಿ, ಗೋಡೆ, ಕಿಟಕಿ, ನಲ್ಲಿ, ಸಿಂಕು ಯಾವ ಸ್ಥಿತಿಯಲ್ಲಿವೆ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಬಿಡುವಾಗ ಅದೇ ಕಾಗದ ಹಿಡಿದು ಮತ್ತೊಮ್ಮೆ ತಿರುಗುತ್ತಾರೆ. ನನಗೆ ಆಗ ಫ್ರೆಂಚ್ ಸರಿಯಾಗಿ ಓದಲು ಬರುತ್ತಿರಲಿಲ್ಲ. ಮಾಲೀಕರು ನಗುನಗುತ್ತಾ ಪೆನ್ನು ಕೊಟ್ಟರು, ನಾನೂ ನಗುನಗುತ್ತಾ ಸಹಿ ಹಾಕಿದೆ. ಸಿಂಕಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ನೋಡುತ್ತಿದ್ದೆ. ಹೊರಡುವ ದಿನ ಆ ಬಿರುಕು ನನ್ನ ತಲೆಗೆ ಬಂತು, ಡಿಪಾಸಿಟ್ಟಿನಲ್ಲಿ 180 ಯೂರೋ ಹೋಯಿತು. ಆಗ ಅದು ನನ್ನ ಒಂದು ತಿಂಗಳ ದಿನಸಿ ದುಡ್ಡು. ನಿಮ್ಮ ಮಗಳಿಗೆ ಹೇಳಿ: ಸಹಿ ಮಾಡುವ ಮುಂಚೆ ಪ್ರತಿ ಮೂಲೆಯ ಫೋಟೋ ತೆಗೆಯಲಿ, ನಲ್ಲಿ ತಿರುಗಿಸಿ ನೋಡಲಿ, ಕಂಡದ್ದನ್ನೆಲ್ಲ ಬರೆಸಲಿ. ಮಾಲೀಕರಿಗೆ ಬೇಸರವಾದರೂ ಆಗಲಿ.

ಹಾಗಾದರೆ ಮನೆ ಎಲ್ಲಿಂದ? ಸರ್ಕಾರಿ ವಿದ್ಯಾರ್ಥಿನಿಲಯಗಳನ್ನು ನೋಡಿಕೊಳ್ಳುವುದು ಕ್ರೂಸ್ ಎಂಬ ಸಂಸ್ಥೆ. ಸಿಕ್ಕರೆ ಅದಕ್ಕಿಂತ ಅಗ್ಗದ್ದಿಲ್ಲ, ಆದರೆ ಕೋಣೆ ಕಡಿಮೆ, ಕೇಳುವವರು ಹೆಚ್ಚು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗಕ್ಕೆ ಇವತ್ತೇ ಇಮೇಲ್ ಬರೆದು ಕೇಳಲಿ. ಖಾಸಗಿ ಮನೆಯವರು ಫ್ರಾನ್ಸಿನಲ್ಲೇ ಇರುವ ಜಾಮೀನುದಾರರನ್ನು ಕೇಳುತ್ತಾರೆ. ಅದಕ್ಕೆ ‘ವಿಸಾಲ್’ ಎಂಬ ಉಚಿತ ಜಾಮೀನು ವ್ಯವಸ್ಥೆಯೇ ಇದೆ, ವಿದ್ಯಾರ್ಥಿ ವೀಸಾ ಇದ್ದವರು ಅರ್ಜಿ ಹಾಕಬಹುದು. ಮೊದಲ ಎರಡು ವಾರಕ್ಕೆ ಯೂತ್ ಹಾಸ್ಟೆಲ್ಲಿನಲ್ಲೋ ಸಣ್ಣ ಅವಧಿಯ ರೂಮಿನಲ್ಲೋ ಜಾಗ ಕಾದಿರಿಸಿ, ಆಗಸ್ಟ್ ಕೊನೆಯ ವಾರದಲ್ಲೇ ಊರು ಸೇರಲಿ. ಸೆಪ್ಟೆಂಬರಿನಲ್ಲಿ ಲಿಯೋನ್‌ನ ವಿದ್ಯಾರ್ಥಿಗಳೆಲ್ಲ ಒಂದೇ ಸಲ ಮನೆ ಹುಡುಕುತ್ತಾರೆ. ಬಾಡಿಗೆಗೆ ಸರ್ಕಾರದ ಸಹಾಯಧನ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಸಿಕ್ಕಾಗ ನೋಡೋಣ ಎಂದುಕೊಳ್ಳಿ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆಯಬೇಡಿ. ವೀಸಾಕ್ಕೆ ತಿಂಗಳಿಗೆ 615 ಯೂರೋ ಇದೆ ಎಂದು ತೋರಿಸಿದರೆ ಸಾಕು, ನಿಜ. ಆದರೆ ಲಿಯೋನ್‌ನಲ್ಲಿ ಅಷ್ಟರಲ್ಲಿ ತಿಂಗಳು ಸಾಗಿಸಲು ಕ್ರೂಸ್ ಕೋಣೆಯೇ ಸಿಗಬೇಕು. ವಿದ್ಯಾರ್ಥಿಗಳು ವರ್ಷಕ್ಕೆ 964 ಗಂಟೆ ಕೆಲಸ ಮಾಡಲು ಕಾನೂನು ಬಿಡುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಆ ಸಂಪಾದನೆಯನ್ನು ನೆಚ್ಚಿಕೊಳ್ಳುವುದು ಬೇಡ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಾಲಿಗೆ ಬರುತ್ತೇನೆ. ಕಾಗದಪತ್ರದ ಕೆಲಸವನ್ನೆಲ್ಲ ನೀವೇ ಮಾಡುತ್ತಿದ್ದೀರಿ. ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ಗೊತ್ತು. ದಯವಿಟ್ಟು ಈ ವಾರವೇ ಆ ಫೈಲನ್ನು ಅವಳ ಕೈಗೆ ಕೊಡಿ. ಅಲ್ಲಿಗೆ ಓದಲು ಹೋಗುವವರನ್ನು ವೀಸಾಕ್ಕೆ ಮುಂಚೆ ಮಾತಾಡಿಸುವ ಕ್ಯಾಂಪಸ್ ಫ್ರಾನ್ಸ್ ಸಂಸ್ಥೆಯ ಸಂದರ್ಶನದಲ್ಲಿ ಕೂರುವವಳು ಅವಳು, ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡುವವಳು ಅವಳು. ಫ್ರಾನ್ಸಿಗೆ ಇಳಿದ ಮೇಲಂತೂ ಕಾಗದದ ಕೆಲಸ ಮುಗಿಯುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ. ಇಳಿದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ಊರ್ಜಿತ ಮಾಡಿಕೊಳ್ಳಬೇಕು. ತಪ್ಪಿದರೆ ಅಲ್ಲಿರುವುದೇ ಅಕ್ರಮವಾಗುತ್ತದೆ. ಬ್ಯಾಂಕ್ ಖಾತೆಗೆ ವಿಳಾಸದ ದಾಖಲೆ ಬೇಕು, ಮನೆಗೆ ಬ್ಯಾಂಕ್ ಖಾತೆ ಕೇಳುತ್ತಾರೆ, ಈ ಗಂಟನ್ನು ಅವಳೇ ಕೌಂಟರಿನಿಂದ ಕೌಂಟರಿಗೆ ಹೋಗಿ ಬಿಡಿಸಬೇಕು. ಮನೆಗೆ ವಿಮೆ ಬೇಕು. ಯಾವ ಕಾಗದ ಎಲ್ಲಿದೆ, ಯಾಕಿದೆ ಎಂದು ಅವಳಿಗೇ ಗೊತ್ತಿಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ನಿಮಗೆ ಫೋನ್ ಬರುತ್ತದೆ, ನೀವು ದೊಡ್ಡಬಳ್ಳಾಪುರದಲ್ಲಿ ಕೂತು ಏನೂ ಮಾಡಲಾಗುವುದಿಲ್ಲ. ಪರೀಕ್ಷೆಯ ಓದಿನಿಂದ ವಾರಕ್ಕೆ ಎರಡು ಗಂಟೆ ತೆಗೆದರೆ ಏನೂ ಮುಳುಗುವುದಿಲ್ಲ.

ಆ ಫೈಲಿನಲ್ಲಿ ಒಂದು ಕಾಗದದ ಬಗ್ಗೆ ಮಾತ್ರ ನೀವೂ ಅವಳ ಜೊತೆ ಕೂರಬೇಕು: ಜನನ ಪ್ರಮಾಣಪತ್ರ. ನಮ್ಮಲ್ಲಿ ಪಾಸ್‌ಪೋರ್ಟ್ ಇದ್ದರೆ ಅದನ್ನು ಮೂಲೆಗೆ ಹಾಕುತ್ತೇವೆ. ಫ್ರಾನ್ಸಿನಲ್ಲಿ ಆರೋಗ್ಯ ವಿಮೆಯ ಶಾಶ್ವತ ನಂಬರು ಬೇಕಾದರೆ ಅಪ್ಪಅಮ್ಮನ ಹೆಸರಿರುವ ಜನನ ಪ್ರಮಾಣಪತ್ರವನ್ನೇ ಕೇಳುತ್ತಾರೆ. ನಮ್ಮ ಎಷ್ಟೋ ಮಕ್ಕಳ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಹುಟ್ಟಿದ ವಾರದಲ್ಲೇ ನೋಂದಾಯಿಸಿ, ನಾಮಕರಣ ಆಮೇಲೆ ಆಗಿರುತ್ತದಲ್ಲ. ಇನ್ನು ಇನಿಶಿಯಲ್‌ಗಳ ಪಾಡು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಡಿಗ್ರಿಯಲ್ಲಿ ಅವು ಮುಂದಕ್ಕೆ ಬಂದಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿರುತ್ತದೆ. ನಮಗೆ ಅದೆಲ್ಲ ಒಬ್ಬಳೇ ಹುಡುಗಿ. ಅಲ್ಲಿಯ ಅರ್ಜಿಯಲ್ಲಿ ‘ನೋಂ’ ಎಂದು ಮನೆತನದ ಹೆಸರಿಗೆ ಒಂದು ಚೌಕ, ‘ಪ್ರೆನೋಂ’ ಎಂದು ಅವಳ ಹೆಸರಿಗೆ ಇನ್ನೊಂದು ಚೌಕ. ಎರಡು ಕಾಗದದಲ್ಲಿ ಎರಡು ಥರ ಇದ್ದರೆ ಅವರಿಗೆ ಇಬ್ಬರು ಹುಡುಗಿಯರು. ಹಾಗಾಗಿ ಹೆಸರು ಸೇರಿಸಬೇಕಿದ್ದರೆ ನಗರಸಭೆಯಲ್ಲಿ ಈಗಲೇ ಸೇರಿಸಿಸಿ. ರಾಜ್ಯ ಸರ್ಕಾರದ ದೃಢೀಕರಣ ಆದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಎಂದು ಹೊರದೇಶಕ್ಕೆ ಸಾರುವ ಮುದ್ರೆ, ಹಾಕಿಸಿ. ಫ್ರೆಂಚ್ ಅನುವಾದವನ್ನು ಅಲ್ಲಿಯ ನ್ಯಾಯಾಲಯಗಳ ಪಟ್ಟಿಯಲ್ಲಿರುವ ಅನುವಾದಕರಿಂದ ಮಾಡಿಸಬಹುದು. ಹೆಸರು ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ.

ಆ ಆರೋಗ್ಯ ವಿಮೆಯ ನಂಬರು ಸಿಕ್ಕ ಮೇಲೆ ಡಾಕ್ಟರ ಫೀಜಿನಲ್ಲಿ ನಿಗದಿತ ದರದ ಶೇಕಡ 70ರಷ್ಟು ವಾಪಸ್ ಬರುತ್ತದೆ, ಸೇರಲು ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ. ಹಲ್ಲಿನ ಕೆಲಸ ಏನಾದರೂ ಇದ್ದರೆ ಇಲ್ಲೇ ಮುಗಿಸಿ, ಕನ್ನಡಕ ಇದ್ದರೆ ಇನ್ನೊಂದು ಜೊತೆ ಮಾಡಿಸಿ ಕೊಡಿ.

ಫ್ರೆಂಚ್ ಬೇಕಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ ಇರಬಹುದು. ಆದರೆ ಮನೆ ಕರಾರು, ಔಷಧಿ ಅಂಗಡಿ, ಲ್ಯಾಬಿನಲ್ಲಿ ಯಂತ್ರ ನೋಡಿಕೊಳ್ಳುವವರು, ಕಚೇರಿಯ ಕೌಂಟರು, ಇದೆಲ್ಲ ಫ್ರೆಂಚ್. ಬೆಂಗಳೂರಿನ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮೊದಲ ಹಂತದ ತರಗತಿಗೆ ಸೇರಿಸಿ. ಕಾಲ ಇಲ್ಲವಾದರೆ ಕನಿಷ್ಠ ಅಂಕಿಗಳನ್ನು ಕಿವಿಗೆ ಬೀಳುವ ಹಾಗೆ ಕಲಿಯಲಿ. ಅವರ ಎಪ್ಪತ್ತು ಅಂದರೆ ಅರವತ್ತು ಹತ್ತು, ಎಂಬತ್ತು ಅಂದರೆ ನಾಲ್ಕು ಇಪ್ಪತ್ತು, ತೊಂಬತ್ತೊಂಬತ್ತು ಅಂದರೆ ನಾಲ್ಕು ಇಪ್ಪತ್ತು ಹತ್ತು ಒಂಬತ್ತು. ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಹೇಳುತ್ತಾರೆ. ಯಾರೋ ಅರವತ್ತು ಅಂದರೆಂದು 6 ಬರೆದಿರುತ್ತೇವೆ, ಅಷ್ಟರಲ್ಲಿ ಹದಿನೈದು ಅನ್ನುತ್ತಾರೆ, ಅದು 75. ಮೊದಲ ತಿಂಗಳು ನಾನು ಬರೆದುಕೊಂಡ ನಂಬರುಗಳಲ್ಲಿ ಅರ್ಧ ತಪ್ಪು. ಒಂದು ಅನುಕೂಲವೂ ಇದೆ: ನೀನು, ನೀವು ಅನ್ನುವ ವ್ಯತ್ಯಾಸ ಅವರಲ್ಲೂ ಇದೆ. ಇಂಗ್ಲಿಷಿನವರು ಅದನ್ನು ಕಲಿಯಲು ಒದ್ದಾಡುತ್ತಾರೆ, ನಮ್ಮ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಅಂಗಡಿಗೆ ಕಾಲಿಟ್ಟ ಕೂಡಲೇ, ಬಸ್ಸು ಹತ್ತಿದ ಕೂಡಲೇ ‘ಬೊಂಜೂರ್’ ಹೇಳಬೇಕು. ಅದನ್ನು ಬಿಟ್ಟು ನೇರ ವಿಷಯಕ್ಕೆ ಹೋದರೆ, ನಮ್ಮಲ್ಲಿ ಹಿರಿಯರ ಮನೆಗೆ ಹೋಗಿ ಕ್ಷೇಮ ವಿಚಾರಿಸದೆ ಸಾಲ ಕೇಳಿದ ಹಾಗೆ ಆಗುತ್ತದೆ.

ಓದಿನ ಬಗ್ಗೆ ಒಂದೇ ಮಾತು. ಅಲ್ಲಿ ಅಂಕ 20ಕ್ಕೆ. ಹತ್ತು ಬಂದರೆ ಪಾಸು, ಹನ್ನೆರಡು ಪರವಾಗಿಲ್ಲ, ಹದಿನಾಲ್ಕು ಚೆನ್ನ, ಹದಿನಾರು ಅಂದರೆ ತುಂಬಾ ಚೆನ್ನ. ಇಲ್ಲಿ ತೊಂಬತ್ತರ ಮೇಲೆ ತೆಗೆದ ಹುಡುಗಿ ಅಲ್ಲಿ ಹನ್ನೊಂದು ನೋಡಿ ಅಳುತ್ತಾಳೆ. ಮನೆಯವರಿಗೂ ಇದು ಮೊದಲೇ ಗೊತ್ತಿರಲಿ.

ಊಟಕ್ಕೆ ಹೆದರಬೇಡಿ, ಹುಷಾರಾಗಿರಲಿ ಅಷ್ಟೆ. ಲಿಯೋನ್ ಫ್ರಾನ್ಸಿನಲ್ಲೇ ಊಟಕ್ಕೆ ಹೆಸರಾದ ಊರು, ಆ ಹೆಸರು ಬಂದಿರುವುದು ಮಾಂಸದಿಂದ. ‘ಬುಶೋಂ’ ಎನ್ನುವ ಅಲ್ಲಿಯ ಹಳೇ ಕಾಲದ ಹೋಟೆಲುಗಳಲ್ಲಿ ಅವಳಿಗೆ ಸಿಗುವುದು ಬಹಳ ಕಡಿಮೆ. ಸಸ್ಯಾಹಾರಿ ಅಂದರೂ ಕೆಲವರು ಮೀನು ತಿನ್ನಬಹುದೇನೋ ಅಂದುಕೊಳ್ಳುತ್ತಾರೆ. ‘ನಿ ವಿಯಾಂದ್, ನಿ ಪ್ವಾಸೋಂ’, ಮಾಂಸವೂ ಬೇಡ ಮೀನೂ ಬೇಡ ಎಂದು ಬಿಡಿಸಿ ಹೇಳಬೇಕು. ಹಲವು ಬಗೆಯ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ನೀವು ಅಷ್ಟು ಕಟ್ಟುನಿಟ್ಟಾದರೆ ಪೊಟ್ಟಣದ ಮೇಲೆ ‘ಪ್ರೆಸ್ಯೂರ್’ ಎಂಬ ಪದ ಹುಡುಕಲಿ. ವಿದ್ಯಾರ್ಥಿ ಕ್ಯಾಂಟೀನಿನಲ್ಲಿ ಊಟ ಅಗ್ಗ, ಸರ್ಕಾರಿ ಕ್ಯಾಂಟೀನುಗಳಲ್ಲಿ ದಿನವೂ ಒಂದು ಸಸ್ಯಾಹಾರದ ಆಯ್ಕೆ ಇರಬೇಕೆಂಬ ನಿಯಮ 2023ರಿಂದ ಇದೆ. ಗಿಯೋತಿಯೇರ್ ಬಡಾವಣೆಯ ಏಷ್ಯಾದ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಮಸಾಲೆ ಸಿಗುತ್ತದೆ. ಅಲ್ಲಿಯ ಸಪ್ಪೆ ‘ಯಾವೂರ್’ ಒಳ್ಳೇ ಗಟ್ಟಿ ಮೊಸರು, ಒಂದು ಒಗ್ಗರಣೆ ಕೊಟ್ಟರೆ ಮೊಸರನ್ನಕ್ಕೆ ಏನೂ ಕಡಿಮೆಯಿಲ್ಲ.

ಅವಳ ಅಮ್ಮನಿಗೆ ಇದೊಂದು ಹೇಳಿ: ಪೇಡ, ತುಪ್ಪ ಕಟ್ಟಿಕೊಡಬೇಡಿ. ಹಾಲಿನ ಪದಾರ್ಥವನ್ನು, ಮಾಂಸವನ್ನು ಪ್ರಯಾಣಿಕರು ನಮ್ಮ ದೇಶದಿಂದ ಯುರೋಪ್ ಒಕ್ಕೂಟದ ಒಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಧಾರಾಳವಾಗಿ ಹೋಗಲಿ. ಸಣ್ಣ ಕುಕ್ಕರ್ ಕೊಡುವುದಾದರೆ ಇಂಡಕ್ಷನ್ ಒಲೆಗೂ ಆಗುವ ಸ್ಟೀಲಿನದು ಕೊಡಿ. ಕರೆಂಟಿನ ವೋಲ್ಟೇಜು ನಮ್ಮದೇ, ಪ್ಲಗ್ಗಿನ ಆಕಾರ ಬೇರೆ. ದಪ್ಪ ಜಾಕೆಟ್ಟನ್ನು ಅಲ್ಲೇ ಕೊಳ್ಳಲಿ.

ನಿಮ್ಮ ಪತ್ರ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಲಿಯೋನ್‌ನ ಕ್ರುವಾ ರೂಸ್ ಗುಡ್ಡ. ನಿಮ್ಮ ಮಗ್ಗದ ಮೇಲೆ ಕೂತು ಬಟ್ಟೆಯಲ್ಲಿ ವಿನ್ಯಾಸ ಮೂಡಿಸುವ ಜಕಾರ್ಡ್ ಇದೆಯಲ್ಲ, ಅದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಮಾರಿ ಜಕಾರ್, 1752ರಲ್ಲಿ ಹುಟ್ಟಿದ್ದು ಲಿಯೋನ್‌ನಲ್ಲೇ. 1804ರಲ್ಲಿ ಅವನ ಯಂತ್ರ ಬಂದ ಮೇಲೆ ಆ ಗುಡ್ಡದ ತುಂಬ ರೇಷ್ಮೆ ನೇಕಾರರು ನೆಲೆಸಿದರು. ಅವರನ್ನು ‘ಕಾನ್ಯು’ ಅನ್ನುತ್ತಿದ್ದರು. ಇವತ್ತಿಗೂ ಅಲ್ಲಿಯ ಮನೆಗಳ ಚಾವಣಿ ಸುಮಾರು ನಾಲ್ಕು ಮೀಟರ್ ಎತ್ತರ, ಜಕಾರ್ಡ್ ಹಿಡಿಸಲಿ ಎಂದು ಕಟ್ಟಿದ್ದು. ಗುಡ್ಡದ ಇಳಿಜಾರಿನಲ್ಲಿ ಮನೆಗಳ ಒಳಗಿನಿಂದಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ತೂರಿಹೋಗುವ ‘ತ್ರಾಬೂಲ್’ ದಾರಿಗಳಿವೆ, ರೇಷ್ಮೆ ಬಟ್ಟೆಯನ್ನು ಮಳೆಗೆ ನೆನೆಯದಂತೆ ಸಾಗಿಸಲು ನೇಕಾರರು ಅವನ್ನು ಬಳಸುತ್ತಿದ್ದರು. 1831ರಲ್ಲಿ ಈ ನೇಕಾರರು ಬೀದಿಗಿಳಿದದ್ದು ಮಜೂರಿಯ ದರಕ್ಕಾಗಿ. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಅಲ್ಲಿ ‘ಕಾನ್ಯುಗಳ ಮನೆ’ ಎಂಬ ಸಣ್ಣ ವಸ್ತುಸಂಗ್ರಹಾಲಯವಿದೆ. ನಾನು ಹೋದ ದಿನ ಒಬ್ಬರು ಮಗ್ಗದಲ್ಲಿ ಕೂತು ನೇಯ್ದು ತೋರಿಸುತ್ತಿದ್ದರು. ಕಾಲಲ್ಲಿ ತುಳಿದರು, ಮೇಲೆ ತೂತು ಹೊಡೆದ ಕಾರ್ಡುಗಳ ಸರ ಒಂದು ಹಲಗೆ ಮುಂದಕ್ಕೆ ಉರುಳಿತು, ಹಾಸಿನ ಎಳೆಗಳಲ್ಲಿ ಕೆಲವು ಎದ್ದವು, ಲಾಳಿ ಆಚೆ ಹೋಯಿತು. ನೋಡುತ್ತಿದ್ದವರು ಸುಮ್ಮನೆ ಬೆರಗಾಗಿ ನಿಂತಿದ್ದರು. ನನಗೆ ಆ ಸದ್ದು ಗೊತ್ತಿತ್ತು, ನಮ್ಮೂರಿನಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಕೇಳುತ್ತಿದ್ದ ಸದ್ದೇ ಅದು. ಅಲ್ಲಿಗೆ ಹೋಗಿ ಏಳು ವಾರವಾಗಿತ್ತು, ಮನೆಯ ನೆನಪಿನಿಂದ ಕಣ್ಣು ತುಂಬಿದ್ದು ಅವತ್ತೇ ಮೊದಲು. ನಿಮ್ಮ ಮಗಳು ಮೊದಲ ತಿಂಗಳಲ್ಲೇ ಆ ಗುಡ್ಡ ಹತ್ತಲಿ. ನಿಮ್ಮ ಮಗ್ಗ ಓಡುವ ಒಂದು ವಿಡಿಯೋ ಫೋನಿನಲ್ಲಿ ತುಂಬಿಸಿ ಕಳಿಸಿ, ಅಲ್ಲಿಯವರಿಗೆ ತೋರಿಸಲಿ. ಮಾತು ಶುರುಮಾಡಲು ಅವಳಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಇನ್ನು ಅಮ್ಮನ ಪ್ರಶ್ನೆ. ಮಾಸ್ಟರ್ಸ್ ಮುಗಿಸಿದವರು ಅಲ್ಲೇ ಇದ್ದು ಕೆಲಸ ಹುಡುಕಲು ಪರವಾನಗಿ ಸಿಗುತ್ತದೆ. ಹಾಗಾಗಿ ಬರುತ್ತಾಳೆ ಎಂದು ನಾನು ಮಾತು ಕೊಡಲಾರೆ. ನಾನು ಬಂದೆ. ನನ್ನ ಜೊತೆ ಓದಿದ ಧಾರವಾಡದ ಗೆಳತಿ ಅಲ್ಲೇ ಉಳಿದಳು. ಹೊರಡುವಾಗ ಇಬ್ಬರಿಗೂ ಗೊತ್ತಿರಲಿಲ್ಲ. ನಿಮ್ಮ ಮಗಳಿಗೂ ಈಗ ಗೊತ್ತಿರಲು ಸಾಧ್ಯವಿಲ್ಲ, ಆದ್ದರಿಂದ ಫೋನ್ ಮಾಡಿದಾಗಲೆಲ್ಲ ಅದನ್ನೇ ಕೇಳಬೇಡಿ ಎಂದು ಅಮ್ಮನಿಗೆ ನನ್ನ ಪರವಾಗಿ ಹೇಳಿ. ಏನು ಅಡುಗೆ ಮಾಡಿದೆ ಎಂದು ಕೇಳಲಿ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಆಮೇಲೆ ಮಾರ್ಚ್ ಕೊನೆಯವರೆಗೆ ನಾಲ್ಕೂವರೆ ಗಂಟೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಮಕ್ಕಳು ಕುಗ್ಗುವುದು ಆ ಹೊತ್ತಿನಲ್ಲೇ. ನಮ್ಮ ಲೆಕ್ಕದಲ್ಲಿ ಅದು ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಒಂದು ಫೋನ್ ಮಾಡಿ.

ಈ ಭಾನುವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಡಿಗ್ರಿ ಅಂಕಪಟ್ಟಿ ಮೂರನ್ನೂ ಮೇಜಿನ ಮೇಲೆ ಹರಡಿ. ಹೆಸರನ್ನು ಒಂದೊಂದೇ ಅಕ್ಷರ ಹಿಡಿದು ಅವಳೇ ಜೋರಾಗಿ ಓದಲಿ. ಎಲ್ಲಾದರೂ ಹೆಚ್ಚುಕಮ್ಮಿ ಕಂಡರೆ ನನಗೆ ಬರೆಯಿರಿ. ಈ ಸಲ ಪತ್ರವನ್ನು ಅವಳೇ ಬರೆಯಲಿ.

– ಸಂಪಾದಕಿ