ಸಿಟ್ಟಿಲ್ಲದವರಿಗೆ ಬಿ.ಪಿ. ಬರುವುದಿಲ್ಲವೇ?

ಮಾನ್ಯರೆ,

ತೀರ್ಥಹಳ್ಳಿಯಿಂದ ತಾವು ಬರೆದ ಪತ್ರ ತಲುಪಿದೆ. ಕಣ್ಣಿನ ತಪಾಸಣೆಗೆಂದು ಹೋದಾಗ ತಮ್ಮ ಮಾವನವರ ರಕ್ತದೊತ್ತಡ 170/100 ಇರುವುದು ಗೊತ್ತಾಯಿತೆಂದೂ, ಎರಡು ಸಲ ಮತ್ತೆ ನೋಡಿಸಿದರೂ ಅಷ್ಟೇ ಇದ್ದು ವೈದ್ಯರು ಮಾತ್ರೆ ಬರೆದರೂ, "ನಾನು ಯಾರ ಮೇಲೂ ರೇಗುವವನಲ್ಲ, ತಲೆನೋವೂ ಇಲ್ಲ, ನನಗೆಲ್ಲಿಯ ಬಿ.ಪಿ.?" ಎಂದು ಅವರು ಅದನ್ನು ಮುಟ್ಟುತ್ತಿಲ್ಲವೆಂದೂ ತಿಳಿಸಿ, ವಿಶ್ವ ಅಧಿಕ ರಕ್ತದೊತ್ತಡ ದಿನವೆಂದು ಪ್ರತಿ ಮೇ 17ಕ್ಕೆ ಲೇಖನಗಳು ಬಂದರೂ ಜನರಿಗೆ ತಿಳಿವಳಿಕೆ ಏಕೆ ಬರುವುದಿಲ್ಲವೆಂದು ಕೇಳಿದ್ದೀರಿ.

ತಿಳಿವಳಿಕೆ ಬಂದಿಲ್ಲವೆಂದಲ್ಲ, ನಮ್ಮ ದಿನನಿತ್ಯದ ಮಾತು ಬೇರೊಂದು ತಿಳಿವಳಿಕೆಯನ್ನು ಮೊದಲೇ ಕೊಟ್ಟುಬಿಟ್ಟಿದೆ. ಸಿಟ್ಟು ಬಂದರೆ "ಬಿ.ಪಿ. ಏರಿತು" ಎನ್ನುತ್ತೇವೆ, ತಲೆ ಸುತ್ತಿದರೆ "ಬಿ.ಪಿ. ಇಳಿದಿರಬೇಕು" ಎನ್ನುತ್ತೇವೆ. ಇದನ್ನೇ ಕೇಳಿ ಬೆಳೆದವರು ಆ ಕಾಯಿಲೆ ಸ್ವಭಾವದಲ್ಲಿ ಕಾಣಬೇಕು, ಮೈಗೆ ಗೊತ್ತಾಗಬೇಕು ಎಂದು ನಂಬಿದರೆ ತಪ್ಪೇನು? ಸಿಟ್ಟಿನಿಂದ ಏರಿದ ಒತ್ತಡ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅಧಿಕ ರಕ್ತದೊತ್ತಡವೆಂದರೆ ಸಮಾಧಾನವಾಗಿ ಕುಳಿತು ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಉಳಿಯುವ ಸ್ಥಿತಿ. ಅದು ಬಹುಪಾಲು ಜನರಲ್ಲಿ ಯಾವ ಲಕ್ಷಣವನ್ನೂ ತೋರದೆ ಮೆದುಳು, ಹೃದಯ, ಮೂತ್ರಪಿಂಡಗಳ ರಕ್ತನಾಳಗಳನ್ನು ವರ್ಷಗಟ್ಟಲೆ ಕೆಡಿಸುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ, ಈ ಕಾಯಿಲೆಯಿರುವ 30ರಿಂದ 79 ವಯಸ್ಸಿನವರಲ್ಲಿ ಶೇ. 46ರಷ್ಟು ಜನರಿಗೆ ಅದು ತಮಗಿರುವುದೇ ಗೊತ್ತಿಲ್ಲ.

ಗೊತ್ತಾಗುವುದು ತೋಳಿಗೆ ಪಟ್ಟಿ ಕಟ್ಟಿದಾಗ ಮಾತ್ರ. ಹೆಂಗಸರಿಗೆ ಬಸಿರಿನ ತಪಾಸಣೆಯಲ್ಲಾದರೂ ಅದನ್ನು ಕಟ್ಟುತ್ತಾರೆ. ಜ್ವರ ಬಂದರೂ ಕಷಾಯ ಕುಡಿದು ತೋಟಕ್ಕೆ ಹೋಗುವ ಗಂಡಸಿಗೆ ಆ ಸಂದರ್ಭವೇ ಒದಗುವುದಿಲ್ಲ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ 'ಗೃಹ ಆರೋಗ್ಯ' ಯೋಜನೆಯಂತೆ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ಅಳೆಯುವುದು ಹತ್ತು ಲೇಖನಗಳಿಗಿಂತ ಹೆಚ್ಚಿನ ಕೆಲಸವೆಂದು ನಾನು ಭಾವಿಸುತ್ತೇನೆ. ಆದರೆ ಅಳೆದವರು "ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ" ಎಂದಷ್ಟೇ ಹೇಳಿ ಕಳಿಸಿದರೆ, ಮನೆಯಲ್ಲಿ ಸಾರಿನ ಉಪ್ಪು ಕಡಿಮೆಯಾಗಿ ಉಪ್ಪಿನಕಾಯಿ, ಹಪ್ಪಳ ಎಂದಿನಂತೆ ತಟ್ಟೆಗೆ ಬರುತ್ತವೆ. ಸಂಖ್ಯೆಯನ್ನು ಬರೆದುಕೊಟ್ಟು ಅದರ ಅರ್ಥವನ್ನೂ ಹೇಳಬೇಕು.

ಮಾತ್ರೆ ಒಮ್ಮೆ ಶುರು ಮಾಡಿದರೆ ಬಿಡಲಾಗದೆಂಬ ಭಯ ಮಾವನವರಿಗೂ ಇರಬಹುದು. ಅದು ಚಟ ಹಿಡಿಸುವ ಮಾತ್ರೆಯಲ್ಲ. ಬಿಟ್ಟಾಗ ಒತ್ತಡ ಮತ್ತೆ ಏರುವುದು ಕಾಯಿಲೆ ಒಳಗೆ ಹಾಗೆಯೇ ಇರುವುದರಿಂದ. ತೂಕ, ಉಪ್ಪು ಇಳಿದ ಮೇಲೆ ಕೆಲವರಿಗೆ ವೈದ್ಯರೇ ಪ್ರಮಾಣ ತಗ್ಗಿಸುವುದುಂಟು. ಮಾವನವರೊಡನೆ ವಾದಿಸದೆ, ಐದು ನಿಮಿಷ ಸುಮ್ಮನೆ ಕೂರಿಸಿ ಮನೆಯಲ್ಲೇ ಒಂದು ವಾರ ಅಳೆದು, ಸಂಖ್ಯೆಗಳನ್ನು ಅವರ ಕೈಯಿಂದಲೇ ಬರೆಸಿ, ಆ ಹಾಳೆಯೊಂದಿಗೆ ಬೇಗನೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಕಳೆದ ಸಂಚಿಕೆಯಲ್ಲಿ 'ಗ್ರಾಹಕರ ಬಿ.ಪಿ. ಏರಿಸಿದ ಈರುಳ್ಳಿ' ಎಂದು ನಾವೇ ತಲೆಬರಹ ಕೊಟ್ಟಿದ್ದೆವು. ಅಂಥ ಪ್ರಯೋಗವನ್ನು ಇನ್ನು ಈ ಪತ್ರಿಕೆಯಲ್ಲಿ ಬಳಸುವುದಿಲ್ಲ.

— ಸಂಪಾದಕ